ಸುಣ್ಣದ ಚುಕ್ಕೆ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಇದು ನನ್ನ ಮನೆಯ ವಿಷಯವಲ್ಲ. ರಂಜಿತ ನನ್ನ ಜೊತೆ ಸಂಜೆ ಕಾಲೇಜಿನಲ್ಲಿ ಓದಿದವಳು. ಗಂಜಾಂನಲ್ಲಿ ನಮ್ಮ ಬೀದಿಯಲ್ಲೇ ತಾಯಿ ಬೆಟ್ಟಮ್ಮನ ಜೊತೆ ಬಾಡಿಗೆಗೆ ಇದ್ದಾಳೆ. ಅವಳು ಹೇಳುವಾಗ ಎಷ್ಟು ಬಿಟ್ಟಳೋ, ಕೇಳುವಾಗ ನಾನು ಎಷ್ಟು ಸೇರಿಸಿಕೊಂಡೆನೋ, ಈಗ ಬೇರೆ ಮಾಡಿ ಹೇಳುವುದು ನನ್ನಿಂದ ಆಗದು. ಇನ್ನೊಬ್ಬರ ಮನಸ್ಸಿನ ಒಳಗೆ ಕೂತು ಬಂದವರ ಹಾಗೆ ಬರೆಯುವುದು ತಪ್ಪೇ ಇರಬಹುದು. ಬರೆಯಬೇಡ ಎಂದು ಅವಳು ಹೇಳಲಿಲ್ಲ. ಬರೆ ಎಂದೂ ಹೇಳಲಿಲ್ಲ.

ಪಿತೃಪಕ್ಷ ಶುರುವಾಗಿತ್ತು. ಆ ಬೆಳಗ್ಗೆ ರಂಜಿತ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿ, ಅವ್ವನ ಮುಂದೆ ತಟ್ಟೆ ಇಟ್ಟಳು. ಅವ್ವ ಕಿಟಕಿಯ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ರವಿಕೆಯ ತೋಳು ಕೈಯನ್ನು ಬಿಟ್ಟು ಜೋಲುತ್ತಿತ್ತು. ಹೋದ ಯುಗಾದಿಗೆ ಇದೇ ರವಿಕೆ ಬಿಗಿಯಾಗುತ್ತದೆ ಎಂದು ಹೊಲಿಗೆ ಬಿಚ್ಚಿಸಿಕೊಂಡಿದ್ದಳು. ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಟ್ಟೆಯ ಚಿತ್ರ ತೆಗೆದರು, ಏನೂ ಇಲ್ಲ, ವಯಸ್ಸಾದಂತೆ ಹಸಿವು ಕಡಿಮೆ ಅಂದರು. ಏನೂ ಇಲ್ಲದೆ ಒಬ್ಬರು ಹೀಗೆ ದಿನದಿನಕ್ಕೆ ತೆಳುವಾಗುತ್ತಾರೆಯೇ ಎಂದು ರಂಜಿತ ಕೇಳಬೇಕೆಂದುಕೊಂಡು, ಡಾಕ್ಟರು ಆಗಲೇ ಮುಂದಿನವರನ್ನು ಕರೆದದ್ದರಿಂದ, ಚೀಟಿ ಮಡಚಿಕೊಂಡು ಹೊರಗೆ ಬಂದಿದ್ದಳು. ಅವ್ವ ಈಗ ತಟ್ಟೆಯನ್ನು ಮುಟ್ಟದೆ, ಬೇರೆಯವರ ಮನೆಯಲ್ಲಿ ಬೇಡ ಅನ್ನುವಾಗ ಮಾಡುವ ಹಾಗೆ, ಮರ್ಯಾದೆಯಿಂದ ಪಕ್ಕಕ್ಕೆ ಸರಿಸಿದಳು.

“ಬ್ಯಾಡ ಕಣವ್ವ. ಉಂಡಿವ್ನಿ.”

“ಎಲ್ಲಿ ಉಂಡೆ? ಈಗಿನ್ನೂ ಎದ್ದು ಮುಖ ತೊಳ್ಕಂಡೆ.”

“ಅದೇ, ಆ ನೀಲಿ ಬಾಗ್ಲು ಮನೇಲಿ. ಕಜ್ಜಾಯ ಇಕ್ಕಿದ್ರು. ಎಳ್ಳು ವಸಿ ಜಾಸ್ತಿ ಬಿದ್ದಿತ್ತು.” ಸ್ವಲ್ಪ ಯೋಚಿಸಿ ಸೇರಿಸಿದಳು, “ನೀನೂ ಇದ್ದೆಯಲ್ಲ. ಯಾರ ಮನೆಗೋದ್ರೂ ನೀನು ಕಿಟಕಿ ತಾವ ನಿಂತೇ ಇರ್ತೀಯ. ಬಾ ಕೂತ್ಕೊ ಅಂದ್ರೆ ಬರಾಕಿಲ್ಲ.”

ಕನಸು ಅನ್ನಬಹುದಿತ್ತು. ಇಷ್ಟು ದಿನ ರಂಜಿತ ಹಾಗೇ ಅಂದುಕೊಂಡಿದ್ದಳು. ಆದರೆ ನೀಲಿ ಬಾಗಿಲ ಮನೆ ಇದೆ, ಅದು ಕೆ.ಆರ್. ಪೇಟೆಯಲ್ಲಿ ಸಿದ್ದಲಿಂಗಮ್ಮನ ಮನೆ. ಆ ಮನೆಗೆ ಅವರ ಸತ್ತ ಅತ್ತೆಯ ಪಟವನ್ನು ತಾನೇ ಮಾಡಿ ಕೊಟ್ಟು ಬಂದದ್ದು. ಬಾಗಿಲು ನೀಲಿ ಎಂದು ಯಾವಾಗಲೋ ಊಟ ಮಾಡುವಾಗ ಅವ್ವನಿಗೆ ಹೇಳಿರಬೇಕು. ಹೇಳಿದ್ದೆನೇ? ಪಟದ ಸೀರೆಯ ಬಣ್ಣ ಹೇಳಿದ್ದು ನೆನಪಿದೆ, ಬಸ್ಸು ಕೆಟ್ಟು ಚಿನಕುರಳಿಯಲ್ಲಿ ನಿಂತದ್ದು ಹೇಳಿದ್ದು ನೆನಪಿದೆ. ಬಾಗಿಲಿನ ಮಾತು ನೆನಪಿಲ್ಲ. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಕೆಳಗಿನ ಮನೆಯ ಫರ್ಹತ್‌ಗೆ ಮಧ್ಯಾಹ್ನ ಸ್ವಲ್ಪ ನೋಡಿಕೋ ಎಂದು ಹೇಳಿ, ಅಂಗಡಿಗೆ ನಡೆದಳು. ಹೇಳುವಾಗ ಅವಳ ದನಿಯಲ್ಲಿ ಬೇಡುವ ರಾಗ ಬಂತು. ಅದು ತನಗೇ ಕೇಳಿಸಿ ನಾಚಿಕೆಯಾಯಿತು.

ಫರ್ಹತ್‌ಳ ಗಂಡ ಸಾದಿಕ್‌ನದೇ ಅಂಗಡಿ, ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ. ಮುಂದೆ ಫ್ಲೆಕ್ಸು, ಮದುವೆ ಪತ್ರಿಕೆ. ಹಿಂದಿನ ಸಣ್ಣ ಕೋಣೆಯಲ್ಲಿ ರಂಜಿತಳ ಕಂಪ್ಯೂಟರು, ಸ್ಕ್ಯಾನರು, ಕೈಯಲ್ಲಿ ಕಡ್ಡಿ ಹಿಡಿದು ಬರೆಯುವ ಒಂದು ಹಲಗೆ. ಅವಳ ಕೆಲಸವನ್ನು ಯಾರಾದರೂ ಕೇಳಿದರೆ ಡಿಸೈನು ಅನ್ನುತ್ತಿದ್ದಳು. ಸತ್ತವರಿಗೆ ಬಣ್ಣ ಹಚ್ಚುತ್ತೇನೆ ಅನ್ನಲು ಬಾಯಿ ಬರುತ್ತಿರಲಿಲ್ಲ. ಆ ಮುಖಗಳನ್ನು ಪಾಂಡವಪುರದ ನರಸಯ್ಯ ಪೆನ್ಸಿಲಿನಲ್ಲಿ ಬರೆದುಕೊಡುತ್ತಿದ್ದರು. ಮೊದಲು ನಾಟಕದ ಪರದೆ ಬರೆಯುತ್ತಿದ್ದವರು. ನಾಟಕ ಕಡಿಮೆಯಾದ ಮೇಲೆ, ಬದುಕಿದ್ದಾಗ ಒಂದೂ ಫೋಟೋ ತೆಗೆಸದೆ ಸತ್ತವರ ಮುಖ ಬರೆಯತೊಡಗಿದರು. ಆ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಕೇಳುತ್ತಾರೆ: ಮೂಗು ಯಾರದ್ದು? ಚಿಕ್ಕಪ್ಪನದು ಅಂತಾರೆ. ಚಿಕ್ಕಪ್ಪನನ್ನು ಕೂರಿಸಿ ಮೂಗು ಬರೆಯುತ್ತಾರೆ. ಹಣೆ ಮೊಮ್ಮಗಳದ್ದು, ಗಲ್ಲ ಸೋದರತ್ತೆಯದ್ದು. ಅಲ್ಲ ಕಣ್ಲಾ, ನಮ್ಮವ್ವಂಗೆ ಅಷ್ಟು ಉದ್ದ ಗಲ್ಲ ಎಲ್ಲಿತ್ತು ಎಂದು ಅಣ್ಣತಮ್ಮಂದಿರು ಜಗಳ ಆಡುತ್ತಾರೆ. ಜಗಳ ನಿಂತ ಕಡೆ ಮುಖ ಮುಗಿಯುತ್ತದೆ. ಹಾಗೆ ಮುಗಿದ ಹೆಂಗಸರೆಲ್ಲರ ತುಟಿ ನಾಟಕದ ರಾಣಿಯ ತುಟಿಯೇ. ಅದನ್ನು ಯಾರಾದರೂ ತೋರಿಸಿದರೆ, “ನಿಮ್ಮಜ್ಜಿ ಬಾಯಿ ಮುಚ್ಚಿದ್ದಾಗ ನೀವ್ ಯಾವಾಗ ನೋಡಿದ್ರಿ?” ಎಂದು ನರಸಯ್ಯ ನಗುತ್ತಿದ್ದರು.

ಕಣ್ಣಿನ ಬೊಂಬೆಯನ್ನು, ನಡುವಿನ ಪಾಪೆಯನ್ನು, ಮಾತ್ರ ಅವರು ಪೂರ್ತಿ ಕಪ್ಪು ತುಂಬಿ ಬಿಡುತ್ತಿದ್ದರು. ಬೆಳಕಿನ ಚುಕ್ಕೆ ಇಡುತ್ತಿರಲಿಲ್ಲ. ಪಟ ಗೋಡೆಗೆ ಏರುವ ದಿನ ಮನೆಯ ಹಿರಿಯರೊಬ್ಬರು ಗರಿಕೆಯ ತುದಿಯನ್ನು ಸುಣ್ಣದಲ್ಲಿ ಅದ್ದಿ, ಅವ್ವಾ ಅಂತಲೋ ಅಪ್ಪಾ ಅಂತಲೋ ಒಂದು ಸಲ ಕರೆದು, ಎರಡೂ ಕಣ್ಣಿಗೆ ಚುಕ್ಕೆ ಇಡಬೇಕು. ಅವರವರ ಮನೆಯೋರ್ಗೆ ಅವರವರೇ ಕಣ್ಣು ಬುಡಿಸ್ಬೇಕು ಅನ್ನುವುದು ನರಸಯ್ಯನವರ ಮಾತು. ಇದು ಹಿಂದಿನಿಂದ ಬಂದದ್ದೋ, ಅವರೇ ಮಾಡಿಕೊಂಡದ್ದೋ, ಯಾರಿಗೂ ತಿಳಿಯದು. ಅವರ ಕೈ ನಡುಗಲು ಶುರುವಾದ ಮೇಲೆ, ಜನರೂ ಬಣ್ಣದ್ದು ಬೇಕು, ದೊಡ್ಡದು ಬೇಕು ಅನ್ನತೊಡಗಿದ ಮೇಲೆ, ಅವರ ಹಾಳೆಗಳು ರಂಜಿತಳ ಸ್ಕ್ಯಾನರಿಗೆ ಬಂದವು. ಅವಳು ಮೈಬಣ್ಣ ಕೊಟ್ಟಳು, ಸೀರೆಗೆ ಅಂಚು ಕೊಟ್ಟಳು, ನಾಟಕದ ತುಟಿಗಳನ್ನು ಗುಟ್ಟಾಗಿ ತಿದ್ದಿದಳು. ಸುಣ್ಣ ಮಾತ್ರ ಪ್ರಿಂಟಿನ ಮೇಲೆ ನಿಲ್ಲಲಿಲ್ಲ. ಒಣಗಿ ಉದುರಿತು. ಉದುರಿದ ಮನೆಯವರು ಫೋನು ಮಾಡಿ, ಅಪಶಕುನ ಮೇಡಂ, ಅದನ್ನೂ ನೀವೇ ಹಾಕ್ಬುಡಿ ಅಂದರು. ಹಾಕಿದಳು. ಬಿಳಿಯ ಗುಂಡು ಚುಕ್ಕೆ. ಆ ಕಣ್ಣು ಸಂತೆಯಲ್ಲಿ ಸಾಲಾಗಿ ಮಲಗಿಸಿದ ಮೀನಿನ ಕಣ್ಣಿನ ಹಾಗೆ ಕಾಣಿಸಿತು. ಆಮೇಲೆ ಒಂದು ಮಧ್ಯಾಹ್ನ ಅವ್ವ ಕಿಟಕಿಯ ಹತ್ತಿರ ಅವರೆಕಾಯಿ ಸುಲಿಯುತ್ತಾ, ಏನೋ ಹೇಳಲೆಂದು ತಲೆ ಎತ್ತಿದಾಗ, ಮೊಬೈಲಿನಲ್ಲಿ ಅವಳ ಮುಖ ತೆಗೆದಳು. ಆಗೆಲ್ಲ ಅವ್ವ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ಅಂಥ ಕಣ್ಣು. ಆ ಕಣ್ಣಿನ ಬೆಳಕನ್ನು ಕತ್ತರಿಸಿ, ಕಂಪ್ಯೂಟರಿನಲ್ಲಿ ಬೇರೆ ಪದರವಾಗಿ ಇಟ್ಟುಕೊಂಡು, ಒಬ್ಬ ಸತ್ತ ಮುದುಕಿಯ ಕಪ್ಪು ಬೊಂಬೆಯ ಮೇಲೆ ಕೂರಿಸಿದಳು. ಮುದುಕಿ ತಟ್ಟನೆ ನೋಡಿದಳು.

ಆಮೇಲೆ ಎಲ್ಲರಿಗೂ ಅದೇ. ಗಂಡಸರಿಗೂ ಹೆಂಗಸರಿಗೂ. ಪಟ ನೋಡಿದವರು ಅಳುತ್ತಿದ್ದರು. ನಾಗಮಂಗಲದ ಜವರಯ್ಯ ಎಂಬವರು ಅಂಗಡಿಯಲ್ಲೇ ಚಪ್ಪಲಿ ಬಿಟ್ಟು, ಇದೇ ನಮ್ಮಪ್ಪ, ಇಂಗೇ ನೋಡ್ತಿದ್ದ ಎಂದು ಕೈ ಮುಗಿದರು. ಅಪ್ಪ ಸತ್ತಾಗ ಅವರು ತೊಟ್ಟಿಲಿನಲ್ಲಿದ್ದವರು ಎಂದು ಜೊತೆಗೆ ಬಂದ ಹೆಂಡತಿ ಮೆಲ್ಲಗೆ ಹೇಳಿದಳು. ರಂಜಿತಳಿಗೆ ಆಗ ಹೆಮ್ಮೆಯೇ ಆಗಿತ್ತು. ಪಟ ನೋಡಲು ಒಮ್ಮೆ ನರಸಯ್ಯನವರೇ ಪಾಂಡವಪುರದಿಂದ ಬಂದಿದ್ದರು. ಸೀರೆ ಹೊಗಳಿದರು, ತುಟಿ ಬದಲಾದದ್ದನ್ನು ಕಂಡೂ ಕಾಣದಂತೆ ಇದ್ದರು, ಕೊನೆಗೆ ಕಣ್ಣಿನ ಮುಂದೆ ನಿಂತು, ಇದನ್ನ ಯಾರು ಬುಡಿಸಿದ್ದು ಎಂದು ಕೇಳಿದರು. ಕಂಪ್ಯೂಟರು ಅಂದಳು.

“ಕಂಪ್ಯೂಟ್ರು ಯಾರ ಮನೇದವ್ವ?”

ಸಾದಿಕ್ ನಕ್ಕ. ಅವಳೂ ನಕ್ಕಳು. ತರಿಸಿದ ಟೀ ಕುಡಿಯದೆ ನರಸಯ್ಯ ಹೊರಟುಹೋದರು. ಆಮೇಲೂ ಹಾಳೆಗಳನ್ನು ಕಳಿಸುತ್ತಲೇ ಇದ್ದರು, ಹೊಟ್ಟೆಪಾಡು. ತಾವು ಮಾತ್ರ ಬರಲಿಲ್ಲ.

ಆ ಬೆಳಗ್ಗೆ ಅವಳು ಹಳೆಯ ಪಟಗಳ ಫೈಲುಗಳನ್ನು ಒಂದೊಂದಾಗಿ ತೆರೆದಳು. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಬಿಂಡಿಗನವಿಲೆ ಎಂದು ಊರಿನ ಹೆಸರಿನಲ್ಲೇ ಇಟ್ಟಿದ್ದಳು. ಬಿಂಡಿಗನವಿಲೆ ಅವ್ವನ ತವರು. ಅಲ್ಲಿಯೂ ಒಂದು ಗೋಡೆಯಿಂದ ಅವ್ವ ನೋಡುತ್ತಿದ್ದಾಳೆ ಅನ್ನಿಸಿತು. ಒಂದು ಕಣ್ಣನ್ನು ಹಿಗ್ಗಿಸುತ್ತಾ ಹೋದಳು. ಬಿಳಿಯ ಬೆಳಕಿನೊಳಗೆ ತಮ್ಮ ಮನೆಯ ಕಿಟಕಿ ಇತ್ತು, ಅದರ ಸರಳುಗಳಿದ್ದವು. ಸರಳುಗಳ ಮುಂದೆ ಒಂದು ಕಪ್ಪು ಆಕೃತಿ. ಅದು ಮೊಬೈಲು ಹಿಡಿದು ನಿಂತ ತಾನೇ ಎಂದು ಅವಳಿಗೆ ಈವರೆಗೆ ಹೊಳೆದಿರಲಿಲ್ಲ. ಯಾರ ಮನೆಗೋದ್ರೂ ನೀನು ಕಿಟಕಿ ತಾವ ನಿಂತೇ ಇರ್ತೀಯ. ಅವ್ವನಿಗೆ ಈ ಫೈಲನ್ನು ಅವಳು ಯಾವತ್ತೂ ತೋರಿಸಿರಲಿಲ್ಲ. ಕಣ್ಣು ತೆಗೆದುಕೊಂಡದ್ದನ್ನೇ ಹೇಳಿರಲಿಲ್ಲ. ಆ ದಿನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಈ ಆಕೃತಿಯ ಒಂದು ಕೈ ಕೆಳಗೆ ಇಳಿದಿದ್ದಂತೆ ಕಂಡಿತು. ಇನ್ನೂ ಹಿಗ್ಗಿಸಿದಳು. ಬೂದು ಬಣ್ಣದ ಚೌಕಗಳಷ್ಟೇ ಉಳಿದವು.

ಹಿಂದಿನಿಂದ ಸಾದಿಕ್ ಟೀ ಲೋಟ ಇಟ್ಟು, “ರಂಜಿತಕ್ಕ, ಇವ್ರುನ್ನ ಸ್ವಲ್ಪ ಆ ಕಡೆ ತಿರುಗ್ಸಿ,” ಅಂದ. “ಮೊದ್ಲಿನ ಪಟದೋರು ಅವ್ರ ಪಾಡಿಗೆ ಅವ್ರು ಇರ್ತಿದ್ರು. ಇವ್ರು ನಾನು ಟೀಗೆ ಎಷ್ಟು ಸಕ್ರೆ ಹಾಕ್ಕತೀನಿ ಅಂತ ನೋಡ್ತಾವ್ರೆ. ಮನೇಲಿ ಫರ್ಹತ್ ಒಬ್ಳು ಸಾಲ್ದಾ?”

ಅವಳು ನಗಲಿಲ್ಲ. ಬದುಕಿರುವವರ ಫೋಟೋಗೆ ಹಾರ ಹಾಕಬಾರದು ಎಂದು ಮಗುವಿಗೂ ಗೊತ್ತು. ಈ ಪಕ್ಷದಲ್ಲಿ ಮೂರು ತಾಲ್ಲೂಕಿನ ಮನೆಗಳಲ್ಲಿ ಅವ್ವನ ಕಣ್ಣಿಗೆ ಹಾರ ಹಾಕಿ, ಧೂಪ ಹಾಕಿ, ಎಡೆ ಇಟ್ಟು, ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಹೊರಗೆ ನಿಲ್ಲುತ್ತಿದ್ದಾರೆ. ಅವ್ವ ಒಳ್ಳೆಯವಳು. ಕರೆದರೆ ಇಲ್ಲ ಅನ್ನುವವಳಲ್ಲ. ಹೋಗಿ ಉಂಡು ಬರುತ್ತಾಳೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಹುಚ್ಚು ಎಂದುಕೊಂಡಳು, ಓದಿದವಳು ಹೀಗೆ ಯೋಚಿಸಬಾರದು ಎಂದುಕೊಂಡಳು, ಎಂದುಕೊಳ್ಳುತ್ತಲೇ ಬ್ಯಾಗು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ದಳು.

ಬಸ್ಸಿನಲ್ಲಿ ಪಾಂಡವಪುರ ದಾಟುವಾಗ ಇಳಿದು ನರಸಯ್ಯನವರನ್ನು ಕೇಳಿಬಿಡಲೇ ಅನ್ನಿಸಿತು. ಏನೆಂದು ಕೇಳುವುದು? ನಮ್ಮನೇದು ಎಂದು ಈಗ ಉತ್ತರ ಹೇಳುವುದೇ? ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿ ಬಾಳೆಎಲೆಯ ಸುರುಳಿ ಇತ್ತು. ಅವಳೂ ಯಾರಿಗೋ ಎಡೆ ಇಡಲು ಹೋಗುತ್ತಿರಬೇಕು. ಯಾರ ಪಟ, ಎಲ್ಲಿ ಮಾಡಿಸಿದ್ದು ಎಂದು ಕೇಳುವ ಆಸೆಯನ್ನು ರಂಜಿತ ಕಷ್ಟಪಟ್ಟು ತಡೆದುಕೊಂಡಳು.

ನೀಲಿ ಬಾಗಿಲು ತೆರೆದೇ ಇತ್ತು. ಹಬ್ಬ ಹಿಂದಿನ ದಿನವೇ ಆಗಿತ್ತು. ಸಿದ್ದಲಿಂಗಮ್ಮ ಮೊರದಲ್ಲಿ ಕಜ್ಜಾಯ ಆರಹಾಕುತ್ತಿದ್ದವರು, ಓ ಪಟದ ಮಗ, ಬಾ ಎಂದು ಚಾಪೆ ಹಾಸಿದರು. ಒಳಗಿನ ಗೋಡೆಯಲ್ಲಿ ಅವರ ಅತ್ತೆ. ಚೆಂಡುಹೂವಿನ ಹಾರ, ಪಕ್ಕದ ಗೂಡಿನಲ್ಲಿ ಇನ್ನೂ ಉರಿಯುತ್ತಿದ್ದ ಎಣ್ಣೆಯ ದೀಪ. ಯಾವತ್ತೂ ಬದುಕಿರದ ಒಂದು ಮುಖ: ಯಾರದೋ ಮೂಗು, ಯಾರದೋ ಹಣೆ, ತಾನು ತಿದ್ದಿದ ತುಟಿ. ಅದರೊಳಗಿಂದ ಅವ್ವ ನೋಡುತ್ತಿದ್ದಳು. ಅಂಗಡಿಯಲ್ಲಿ ಸ್ಕ್ರೀನಿನ ಮೇಲೆ ಕಂಡಾಗ ಅದು ಬರೀ ಬೆಳಕು. ಇಲ್ಲಿ, ಎಣ್ಣೆ ಧೂಪದ ವಾಸನೆಯಲ್ಲಿ, ಅದು ಏನೋ ಹೇಳಲೆಂದು ತಲೆ ಎತ್ತಿದ ನೋಟ.

ಲ್ಯಾಮಿನೇಷನ್ ಏಳ್ತಿದೆಯಾ ಅಂತ ನೋಡೋಕೆ ಬಂದೆ ಎಂದು ಸುಳ್ಳು ಹೇಳಿದಳು. ಈ ಪಟಕ್ಕೆ ಲ್ಯಾಮಿನೇಷನ್ನೇ ಇರಲಿಲ್ಲ, ಬಟ್ಟೆಯ ಮೇಲಿನ ಪ್ರಿಂಟು. ಸಿದ್ದಲಿಂಗಮ್ಮ ಅದನ್ನು ಗಮನಿಸಲಿಲ್ಲ. ಒಂದು ಕಜ್ಜಾಯ ಕೈಗಿಟ್ಟು, ಎಡೆಗಿಟ್ಟಿದ್ದು, ಪ್ರಸಾದ, ತಿನ್ನು ಅಂದರು. ಎಳ್ಳು ಒತ್ತಾಗಿ ಮೆತ್ತಿತ್ತು. ಕಚ್ಚಿದಳು. ಬೆಲ್ಲವಿಲ್ಲ, ಎಣ್ಣೆಯಿಲ್ಲ, ಎಳ್ಳಿಲ್ಲ. ನೆನೆದ ಕಾಗದ ಅಗಿದಂತೆ.

“ರುಚಿ ಇಲ್ಲ ಅಲ್ವಾ?” ಸಿದ್ದಲಿಂಗಮ್ಮನ ಮುಖ ಬೆಳಗಿತು. “ಮೊದ್ಲು ಇಂಗಿರ್ಲಿಲ್ಲ ಕಣವ್ವ. ಎಡೆ ಇಕ್ಕುದ್ರೆ ಇಕ್ಕುದಂಗೇ ಇರೋದು. ಈ ಸಲ ಉಂಡ್ಬುಟ್ಟವ್ಳೆ ನಮ್ಮತ್ತೆ. ಸಾರವೆಲ್ಲ ಎಳ್ಕಂಡವ್ಳೆ.”

ರಂಜಿತ ಉಳಿದ ಕಜ್ಜಾಯವನ್ನು ಕೈಯಲ್ಲೇ ಹಿಡಿದುಕೊಂಡಳು. ಕಣ್ಣು ಸರಿಯಾಗಿ ಬಂದಿಲ್ಲ, ಒಂದು ವಾರ ಪಟ ಕೊಡಿ, ತಿದ್ದಿ ತರುತ್ತೇನೆ ಎಂದು ಕೇಳಿದಳು. ಕೇಳುವಾಗ ಪಟದ ಕಡೆ ನೋಡಲಿಲ್ಲ. ಸಿದ್ದಲಿಂಗಮ್ಮ ಮೊರವನ್ನು ಕೆಳಗಿಟ್ಟರು.

“ಈ ಮನೆಗೆ ಬಂದಾಗಿಂದ ಆವಮ್ಮ ನನ್ನ ಮುಖ ಎತ್ತಿ ನೋಡ್ನಿಲ್ಲ. ಸಾಯೋಗಂಟ. ಕಪ್ಪುಗವ್ಳೆ ಅಂತ. ನೀರು ಕೊಟ್ರೂ ಗೋಡೆ ನೋಡ್ಕಂಡು ಕುಡಿಯೋಳು. ಈಗ ನೋಡ್ತಾವ್ಳೆ. ಹೊಯ್ತಾ ಬತ್ತಾ ನೋಡ್ತಾವ್ಳೆ. ಅದನ್ನ ತಿದ್ತೀನಿ ಅಂತೀಯಲ್ಲ ಮಗ.”

ಅವರು ಕಾಫಿ ತರಲು ಒಳಗೆ ಹೋದರು. ಲೋಟ ತೊಳೆಯುವ ಸದ್ದು ಕೇಳುತ್ತಿತ್ತು. ರಂಜಿತ ಎದ್ದು ಗೂಡಿನ ಹತ್ತಿರ ಬಂದಳು. ದೀಪದ ಮೇಲಿನ ಕಲ್ಲಿಗೆ ಕಟ್ಟಿದ್ದ ಮಸಿಯನ್ನು ತೋರುಬೆರಳಿಗೆ ಒರೆಸಿಕೊಂಡಳು. ಮುದುಕಿಯ ಬಲಗಣ್ಣಿನ ಹತ್ತಿರಕ್ಕೆ ಬೆರಳು ತಂದಾಗ ಅವಳಿಗೆ ಮೊದಲು ನೆನಪಾದದ್ದು, ಚಿಕ್ಕವಳಿದ್ದಾಗ ಅವ್ವ ತನ್ನ ಕಣ್ಣಿಗೆ ಕಾಡಿಗೆ ಹಚ್ಚುವ ಮೊದಲು, ಅಲುಗಬೇಡ ಎಂದು ಗಲ್ಲ ಹಿಡಿಯುತ್ತಿದ್ದದ್ದು. ಬೆರಳು ಒತ್ತಿದಳು. ಕಿಟಕಿ ಹೋಯಿತು, ಸರಳು ಹೋಯಿತು, ತಾನೂ ಹೋದಳು. ನರಸಯ್ಯನವರ ಹಾಳೆಯಲ್ಲಿ ಇದ್ದಂಥದೇ ಕಪ್ಪು ಬೊಂಬೆ ಉಳಿಯಿತು. ಇನ್ನೊಂದು ಕಣ್ಣಿಗೆ ಕೈ ಎತ್ತುವಷ್ಟರಲ್ಲಿ ಲೋಟದ ಸದ್ದು ನಿಂತಿತು. ಅವಳು ಚಾಪೆಗೆ ಬಂದು ಕೂತಳು. ಕಾಫಿ ಕುಡಿದಳು. ಸಿದ್ದಲಿಂಗಮ್ಮ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಅಷ್ಟು ಹೊತ್ತೂ ಕಪ್ಪಾದ ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಈ ಹೆಂಗಸಿಗೆ ಸಿಕ್ಕಿದ್ದ ಒಂದೇ ನೋಟದಲ್ಲಿ ಅರ್ಧವನ್ನು ಕದ್ದೆ ಎಂಬ ಒಂದು ಮಾತು ತಲೆಯೊಳಗೆ ತಿರುಗುತ್ತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಫರ್ಹತ್‌ಳ ಫೋನು ಬಂತು.

“ರಂಜಿತ, ಅಮ್ಮ ಊಟ ಕೇಳಿದ್ರು. ಅವ್ರಾಗೇ. ಹಸಿವಾಗ್ತದೆ ಫರ್ಹತಮ್ಮ, ಏನಾರ ಇದ್ರೆ ಹಾಕು ಅಂದ್ರು. ಸದ್ಯಕ್ಕೆ ಒಂದು ಬಾಳೆಹಣ್ಣು ಕೊಟ್ಟಿವ್ನಿ, ನೀನು ಬರೋ ಹೊತ್ಗೆ ಬಿಸಿ ಅನ್ನ ಮಾಡ್ತೀನಿ. ನೀನು ಅಳ್ಬೇಡ ಮತ್ತೆ. ಅಲ್ಲಾ ಕೇಳಿಸ್ಕಂಡ ಅನ್ಕೊ.”

ಅವಳು ಅತ್ತಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು. ಚಿನಕುರಳಿ ಹೊತ್ತಿಗೆ ಲೆಕ್ಕ ಹಾಕತೊಡಗಿದ್ದಳು: ನಾಳೆ ಪಾಂಡವಪುರ, ಆಮೇಲೆ ನಾಗಮಂಗಲದಲ್ಲಿ ಜವರಯ್ಯನವರ ಮನೆ, ಬಿಂಡಿಗನವಿಲೆ. ಏನಾದರೂ ಸುಳ್ಳು ಹೇಳಿ ಒಳಗೆ ಹೋಗಬಹುದು, ಮಸಿ ಎಲ್ಲರ ಮನೆಯಲ್ಲೂ ಇರುತ್ತದೆ. ಅವ್ವನನ್ನು ಒಂದೊಂದು ಗೋಡೆಯಿಂದ ಬಿಡಿಸಿ ಮನೆಗೆ ಕರೆತರುತ್ತೇನೆ ಅಂದುಕೊಂಡಳು. ಬಹಳ ದಿನಗಳ ಮೇಲೆ ಅವಳಿಗೂ ಹಸಿವಾಯಿತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಫರ್ಹತ್ ಅನ್ನ ಸಾರು ಬಡಿಸಿಟ್ಟು ಎದುರಿಗೆ ಕೂತಿದ್ದಳು. ಅವ್ವ ಕಿಟಕಿಯ ಹತ್ತಿರ ಕೂತು ಆತುರಾತುರವಾಗಿ ಉಣ್ಣುತ್ತಿದ್ದಳು, ಗಲ್ಲಕ್ಕೆ ಸಾರು ಇಳಿದಿತ್ತು. ನೋಡು ಹೆಂಗೆ ಉಣ್ತಾವ್ರೆ ಎಂದು ಫರ್ಹತ್ ಕಣ್ಣಲ್ಲೇ ಹೇಳಿದಳು. ರಂಜಿತ ಬಾಗಿಲಲ್ಲೇ ನಿಂತು ನೋಡಿದಳು. ಅವ್ವ ತಟ್ಟೆಯ ಎಡ ಅರ್ಧವನ್ನು ಬಳಿದು ಉಂಡು ಮುಗಿಸಿ, ಬೆರಳು ನೆಕ್ಕಿ, “ಇನ್ನೊಂದೀಟು ಹಾಕವ್ವ,” ಅಂದಳು. ತಟ್ಟೆಯ ಬಲ ಅರ್ಧದಲ್ಲಿ ಅನ್ನ ಇಟ್ಟಂತೆಯೇ ಇತ್ತು.

“ಅಲ್ಲೇ ಇದೆಯಲ್ಲಮ್ಮ,” ಅಂದಳು ಫರ್ಹತ್, ನಗುತ್ತಾ.

“ಎಲ್ಲೈತೆ?”

ರಂಜಿತ ಹತ್ತಿರ ಹೋಗಿ ಅವ್ವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಡಗಣ್ಣಿನಲ್ಲಿ ಕಿಟಕಿ ಇತ್ತು. ಬಲಗಣ್ಣೂ ತೆರೆದಿತ್ತು, ಆದರೆ ಅದರಲ್ಲಿ ಕಿಟಕಿ ಕಾಣಲಿಲ್ಲ. ಸರಿಯಾಗಿ ನೋಡಲು ಅವಳಿಗೂ ಆಗಲಿಲ್ಲವೋ ಏನೋ. ಅವ್ವ ಅವಳ ಕೈಯನ್ನು ಬಿಡಿಸಿ, ತನ್ನ ಕೈಯಲ್ಲಿ ಹಿಡಿದು, ತೋರುಬೆರಳನ್ನು ಸವರಿ ನೋಡಿದಳು. ಮಸಿ ಪೂರ್ತಿ ಹೋಗಿರಲಿಲ್ಲ.

“ಇವತ್ತು ಆ ಮನೇಲಿ ನೀನು ಕಿಟಕಿ ಬುಟ್ಟು ನನ್ ತಾವ ಬಂದೆ,” ಅವ್ವ ಅಂದಳು. ಗದರುವ ದನಿಯಲ್ಲ, ಕೇಳಿ ತಿಳಿದುಕೊಳ್ಳುವ ದನಿ. “ಬಾ ಅಂದ್ರೆ ಬರ್ದೋಳು ಬಂದ್ಲಲ್ಲಾ ಅಂತ ನಂಗೆ ಖುಷಿಯಾಯ್ತು. ಬಂದೋಳು ಮುಖಕ್ಕೆ ಕೈ ಅಡ್ಡ ತಂದೆಯಲ್ಲ. ಯಾಕವ್ವ?”

ಫರ್ಹತ್ ಇಬ್ಬರ ಮುಖವನ್ನೂ ನೋಡಿ, ಏನೂ ಅರ್ಥವಾಗದೆ, ಲೋಟಕ್ಕೆ ನೀರು ತುಂಬಲು ಎದ್ದಳು.

ಬಲಗಡೆ ಕಾಣದೆ ಹೋದದ್ದಕ್ಕೆ ಮೈಸೂರಿನಲ್ಲಿ ಡಾಕ್ಟರು ಈ ಸಲ ಕಾರಣ ಹೇಳಿದ್ದಾರೆ: ತಲೆಯ ಒಳಗೆ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತು, ಈ ವಯಸ್ಸಿನಲ್ಲಿ ಆಗುವಂಥದ್ದು, ಹಸಿವು ಮರಳಿದ್ದು ಒಳ್ಳೆಯದು. ರಂಜಿತ ಈಗ ಮದುವೆ ಪತ್ರಿಕೆಗಳನ್ನು ಮಾತ್ರ ಮಾಡುತ್ತಾಳೆ. ಉಳಿದ ಪಟಗಳು ಅವುಗಳ ಗೋಡೆಗಳಲ್ಲಿ ಇವೆ. ಬೆಟ್ಟಮ್ಮ ಕೆಲವು ದಿನ ಉಣ್ಣುತ್ತಾರೆ, ಕೆಲವು ದಿನ ಉಂಡಾಯ್ತು ಅನ್ನುತ್ತಾರೆ. ಉಣ್ಣುವ ದಿನ ಅವರ ತಟ್ಟೆಯ ಅರ್ಧ ಖಾಲಿಯಾದ ಮೇಲೆ ರಂಜಿತ ತಟ್ಟೆಯನ್ನು ತಿರುಗಿಸಿಡುತ್ತಾಳೆ. ಅವರು ಉಳಿದರ್ಧವನ್ನು ಹೊಸದಾಗಿ ಬಡಿಸಿದ್ದೆಂದು ತಿಳಿದು ಉಣ್ಣುತ್ತಾರೆ. ನಾನಿದ್ದಾಗಲೂ ಒಮ್ಮೆ ಹಾಗೆ ಮಾಡಿದಳು. ಮಿಕ್ಕ ಪಟಗಳನ್ನು ಏನು ಮಾಡ್ತೀಯ ಎಂದು ನಾನು ಕೇಳಿದೆ. ಅವನ್ನೂ ಮುಟ್ಟಿ ಎಡಗಣ್ಣೂ ಹೋದರೆ ಅಂದಳು. ಅವನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ.

ಕಣ್ಣು ಹೋದದ್ದು ಅವಳ ಬೆರಳು ಮುಟ್ಟಿದ ಹೊತ್ತಿಗೋ, ಅದಕ್ಕೂ ಮುಂಚೆಯೋ ನನಗೆ ಗೊತ್ತಿಲ್ಲ. ಆ ಮಧ್ಯಾಹ್ನ ಯಾರೂ ಗಡಿಯಾರ ನೋಡಿಕೊಂಡಿರಲಿಲ್ಲ. ನೀಲಿ ಬಾಗಿಲಿನ ಮಾತನ್ನು ಅವಳು ತಾಯಿಗೆ ಮೊದಲೇ ಹೇಳಿದ್ದಳೋ ಇಲ್ಲವೋ, ಅವಳಿಗೂ ಗೊತ್ತಿಲ್ಲ. ಸಿದ್ದಲಿಂಗಮ್ಮ ಈವರೆಗೆ ಫೋನು ಮಾಡಿಲ್ಲ. ಅತ್ತೆ ಈಗ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದಾಳೆ ಎಂದು ಅವರು ಗಮನಿಸಿದರೋ, ಗಮನಿಸಿ ಸುಣ್ಣ ಕಲಸಿ ತಾವೇ ಒಂದು ಚುಕ್ಕೆ ಇಟ್ಟರೋ, ಅದೂ ನನಗೆ ಗೊತ್ತಿಲ್ಲ.